ಬೆಲ್ಲ ಒಡೆಯುವ ಕೊಡತಿ

ಬೆಲ್ಲದ ಪೆಂಟಿಯನ್ನು ಒಡೆಯುವುದಕ್ಕೆ ಯೋಗ್ಯವಾದ ಆಯುಧ ಯಾವ ಪೇಟೆಯಲ್ಲೂ ಸಿಗುವುದಿಲ್ಲವೆಂಬುದು ನನ್ನ ಬಹುಕಾಲದ ದೂರು. ಚಾಕು ಹಾಕಿದರೆ ಚಾಕುವೇ ಬಾಗುತ್ತದೆ. ಗುಂಡುಕಲ್ಲು ಎತ್ತಿಹಾಕಿದರೆ ಅರ್ಧ ಬೆಲ್ಲ ಪುಡಿಯಾಗಿ ಅಡುಗೆಮನೆಯ ಇರುವೆಗಳಿಗೆ ಸಂತರ್ಪಣೆಯಾಗುತ್ತದೆ. ಪೆಂಟಿಯನ್ನು ಬಾಗಿಲ ಸಂದಿಯಲ್ಲಿಟ್ಟು ಒತ್ತುವುದೆಂಬ ನನ್ನ ಸ್ವಂತ ಸಂಶೋಧನೆಯಿಂದ ಬಾಗಿಲಿಗೆ ಒದಗಿದ ದುರ್ಗತಿಯನ್ನು ಇಲ್ಲಿ ವರ್ಣಿಸಲಾರೆ. ಆದರೂ ನಮ್ಮ ಮನೆಯ ಮಟ್ಟಿಗೆ ಈ ಸಮಸ್ಯೆ ಎಪ್ಪತ್ತರ ದಶಕದಲ್ಲೇ ಪರಿಹಾರವಾಯಿತು. ಅದು ಹೇಗೆಂದು ಹೇಳಬೇಕಾದರೆ, ನಾನೊಂದು ಗುಪ್ತ ಸಂಘದ ಸದಸ್ಯನಾಗಿದ್ದೆನೆಂಬ ಗುಟ್ಟನ್ನು ಮೊದಲು ಬಿಟ್ಟುಕೊಡಬೇಕು.

ಗಾಬರಿಯಾಗಬೇಡಿ. ಅದು ಫ್ರೀಮೇಸನರ ಲಾಡ್ಜು. ಹಿಂದಿನ ಕಾಲದ ಕಲ್ಲುಕಟ್ಟಡದವರ ಬಳಗದಿಂದ ಬೆಳೆದುಬಂದದ್ದೆಂದು ಹೇಳಿಕೊಳ್ಳುವ, ಮೂಲೆಮಟ್ಟವನ್ನೂ ಕೈವಾರವನ್ನೂ ಲಾಂಛನವಾಗಿ ಉಳ್ಳ, ಒಳಗೆ ಕಾಲಿಟ್ಟವರೆಲ್ಲ ಒಬ್ಬರಿಗೊಬ್ಬರು ಸಹೋದರರಾಗುವ ಸಂಸ್ಥೆ. ರಾಯಚೂರಿನ ಟಾಂಗಾದವರು ನಾವು ಸೇರುವ ಕಟ್ಟಡವನ್ನು ಜಾದೂಘರ್ ಎಂದೇ ಕರೆಯುತ್ತಿದ್ದರು. ಒಳಗೆ ನಾವು ಪ್ರೇತಗಳನ್ನು ಎಬ್ಬಿಸುತ್ತೇವೆಂದು ಅವರ ನಂಬಿಕೆ. ನಮ್ಮೂರಿನ ಬಿಸಿಲಲ್ಲಿ ಕರಿ ಕೋಟು, ಬಿಳಿ ಕೈಗವಸು, ಸೊಂಟಕ್ಕೊಂದು ಚರ್ಮದ ಮೇಲುಡಿ ತೊಟ್ಟು ಬೆವರಿನಲ್ಲಿ ತೊಯ್ದು ಕೂತಿರುತ್ತಿದ್ದ ನಮ್ಮನ್ನು ಕಂಡಿದ್ದರೆ ಯಾವ ಪ್ರೇತವಾದರೂ ಕನಿಕರಪಟ್ಟು ಹಿಂದಿರುಗುತ್ತಿತ್ತು.

ದೇವದುರ್ಗದಿಂದ ವರ್ಗವಾಗಿ ರಾಯಚೂರಿನ ಕಾಲೇಜಿಗೆ ಬಂದಿದ್ದ ನನ್ನನ್ನು ಆ ಲಾಡ್ಜಿಗೆ ಸೇರಿಸಿದವರು ಮಾನ್ವಿಯ ಬಸಣ್ಣ ಸಾವ್ಕಾರರು. ಅಕ್ಕಿಗಿರಣಿಯ ಒಡೆಯರು, ಹಣೆತುಂಬ ವಿಭೂತಿ, ದೊಡ್ಡ ಗಂಟಲು. ಲಾಡ್ಜಿನ ಹಿರಿಯ ಪೀಠದಿಂದ ಇಳಿದ ದಿನ ಅವರು ಎಲ್ಲರೆದುರಿಗೆ ತಮ್ಮ ಬೀಟೆಮರದ ಕೊಡತಿಯನ್ನು ನನ್ನ ಕೈಗಿಟ್ಟರು. ಅಂಗೈಗೆ ಹಿಡಿಸುವಷ್ಟು ಪುಟ್ಟದು, ಕುತ್ತಿಗೆಗೆ ಬೆಳ್ಳಿಯ ಕಟ್ಟು, ಅದರ ಮೇಲೆ ಲಾಂಛನ. ಅದರಿಂದ ಮೇಜು ಬಡಿದು ಸಭೆಯನ್ನು ಶಾಂತಗೊಳಿಸುತ್ತಿದ್ದರು. ನಿಜಾಮರ ಕಾಲದ ಇಂಜಿನಿಯರರೊಬ್ಬರಿಂದ ಸಾವ್ಕಾರರಿಗೆ ಬಂದದ್ದು. ಅದನ್ನು ಹೊಟ್ಟೆಯಲ್ಲಿ ಹುಟ್ಟಿದವರಿಗೆ ಕೊಡಕೂಡದು, ಲಾಡ್ಜಿನಲ್ಲಿ ದೊರೆತ ತಮ್ಮನಿಗೇ ಕೊಡಬೇಕೆಂಬುದು ಅದರ ಜೊತೆಗೇ ಇಳಿದುಬಂದ ಕಟ್ಟಳೆ. ಮನುಷ್ಯ ತನ್ನ ಒರಟು ಮೂಲೆಗಳನ್ನು ತಾನೇ ಕೆತ್ತಿ ನಯಮಾಡಿಕೊಳ್ಳಬೇಕೆಂಬುದರ ಸಂಕೇತ ಅದು ಎಂದು ನಾನು ಮನೆಯಲ್ಲಿ ನಮ್ಮವ್ವನಿಗೆ ಉಪನ್ಯಾಸವನ್ನೇ ಕೊಟ್ಟೆ. ಅವ್ವ ತಿರುಗಿಸಿ ಮುರುಗಿಸಿ ನೋಡಿ, “ಕೊಡತಿ ಛಲೋ ಅದ” ಎಂದು ಒಳಗೆ ಒಯ್ದಳು. ಅಂದಿನಿಂದ ನಮ್ಮ ಮನೆಯ ಬೆಲ್ಲ ಅಚ್ಚುಕಟ್ಟಾಗಿ ಒಡೆಯತೊಡಗಿತು. ನನ್ನ ಮೂಲೆಗಳು ಮಾತ್ರ ಇದ್ದಂತೆಯೇ ಇದ್ದವು.

ಇಲ್ಲಿ ಅವ್ವನ ವಿಷಯ ಒಂದಿಷ್ಟು ಹೇಳಬೇಕು. ಬಾಗಲವಾಡದ ನಮ್ಮ ಕೇರಿಯಿಂದ ಆಕೆ ಹರೆಯದಲ್ಲಿ ಮಾನ್ವಿಗೆ ಅಕ್ಕಿ ಹಸನು ಮಾಡಲು ಹೋಗುತ್ತಿದ್ದದ್ದು ಇದೇ ಸಾವ್ಕಾರರ ಗಿರಣಿಗೆ. ಬಾಯಾರಿದಾಗ ಅಲ್ಲಿ ನೀರನ್ನು ಮೇಲಿನಿಂದ ಬೊಗಸೆಗೆ ಹೊಯ್ಯುತ್ತಿದ್ದರು, ತಂಬಿಗೆ ಮುಟ್ಟುವಂತಿರಲಿಲ್ಲ. ಅದನ್ನು ಆಕೆ ಸಿಟ್ಟಿಲ್ಲದೆ, ಅಲ್ಲಿಯ ಬಿಸಿಲಿನ ಬಗ್ಗೆ ಹೇಳಿದಂತೆಯೇ ಹೇಳುತ್ತಿದ್ದಳು. ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಲಾಡ್ಜಿನ ಊಟದಲ್ಲಿ ಸಾವ್ಕಾರರು ನನ್ನ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದರು, ತಮ್ಮಾ ಎನ್ನುತ್ತಿದ್ದರು, ಅದರಲ್ಲಿ ಕಪಟವೇನೂ ಇರಲಿಲ್ಲ. ಆದರೆ ಅವರು ನಮ್ಮ ಮನೆಗೆ ಬಂದಿರಲಿಲ್ಲ, ನಾನೂ ಕರೆದಿರಲಿಲ್ಲ. ಜಾದೂಘರಿನ ಹೊಸ್ತಿಲು ದಾಟಿದ ಮೇಲೆ ನಮ್ಮ ಜಾದೂ ಎಷ್ಟು ಹೊತ್ತು ನಿಲ್ಲುತ್ತದೆಂದು ಪರೀಕ್ಷಿಸಿ ನೋಡುವ ಧೈರ್ಯ ನನಗಿರಲಿಲ್ಲ.

ಒಂದು ಭಾನುವಾರ ನೆತ್ತಿ ಸುಡುವ ಬಿಸಿಲಲ್ಲಿ ಅವರು ತಾವಾಗಿಯೇ ಬಂದುಬಿಟ್ಟರು. ಲಾಡ್ಜಿಗೆ ಹೊಸ ಗಾಜಿನ ಕಪಾಟು ಬಂದಿತ್ತು. ಹಳೆಯ ಉಡುಗೊರೆಗಳನ್ನೆಲ್ಲ ಅದರಲ್ಲಿ ಸಾಲಾಗಿ ಇಡಬೇಕು, ಕೊಡತಿಗೆ ನಟ್ಟನಡುವಿನ ಜಾಗ ಎಂದು ಕೂರುವ ಮೊದಲೇ ಸಂಭ್ರಮದಿಂದ ಹೇಳಿದರು. ಪೀಳಿಗೆಗಳ ಆ ಆಸ್ತಿ ಆಗ ಅಡುಗೆಮನೆಯಲ್ಲಿ ಬೆಲ್ಲ ಮೆತ್ತಿಕೊಂಡು, ಒಂದು ಅಂಚು ಮುಕ್ಕಾಗಿ, ಇರುವೆಗಳ ಆಶ್ರಯದಲ್ಲಿತ್ತು. ತೊಳೆದು ತರಲೆಂದು ನಾನು ಏಳುವಷ್ಟರಲ್ಲಿ ಅವ್ವ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ನೀರಿನ ತಂಬಿಗೆಯಿತ್ತು, ಆದರೆ ಮುಂದೆ ಬರಲಿಲ್ಲ.

“ನಮ್ಮನ್ಯಾಗ ನೀರು ಕುಡೀತೀರೇನ್ರಿ, ಸಾವ್ಕಾರ್ರ?” ಎಂದು ನೇರವಾಗಿ ಕೇಳಿಯೇಬಿಟ್ಟಳು.

ನಾನು ಗೋಡೆಯ ಮೇಲಿನ ಬುದ್ಧನ ಪಟವನ್ನು ನೋಡತೊಡಗಿದೆ. ಆತ ಎಂದಿನಂತೆ ಕಣ್ಣು ಮುಚ್ಚಿಕೊಂಡಿದ್ದ. ನನಗೂ ಹಾಗೆಯೇ ಮಾಡಬೇಕೆನಿಸಿತು.

ಸಾವ್ಕಾರರು ಆಕೆಯನ್ನೇ ನೋಡಿದರು. ಗುರುತು ಹಿಡಿದರೋ ಇಲ್ಲವೋ, ನನಗೆ ಇಂದಿಗೂ ತಿಳಿಯದು. ಅವರ ದೊಡ್ಡ ಗಂಟಲು ಮೊದಲ ಬಾರಿ ಸಣ್ಣದಾಯಿತು. “ಯವ್ವಾ, ಮಾನ್ವಿಯಿಂದ ಬಿಸಲಾಗ ಬಂದೀನಿ. ಬರೇ ನೀರು ಕೊಡ್ತೀರೇನು? ಬೆಲ್ಲ ಇಲ್ಲೇನ್ರಿ?”

ಇದ್ದೇ ಇತ್ತಲ್ಲ! ಅವ್ವ ತಂಬಿಗೆಯನ್ನು ಅವರ ಕೈಗೇ ಕೊಟ್ಟು ಒಳಗೆ ಹೋದವಳು ಪೆಂಟಿಯನ್ನೂ ಕೊಡತಿಯನ್ನೂ ಹಿಡಿದುಕೊಂಡು ಬಂದಳು. ನನಗೆ ತಡೆಯಲು ಪುರುಸೊತ್ತೇ ಸಿಗಲಿಲ್ಲ. ಅವರೆದುರಿಗೇ ಕುಕ್ಕರಗಾಲಲ್ಲಿ ಕೂತು, ಲಾಡ್ಜನ್ನೇ ಗಡಗಡ ನಡುಗಿಸುತ್ತಿದ್ದ ಆ ಕೊಡತಿಯಿಂದ ಪೆಂಟಿಯ ನೆತ್ತಿಗೆ ಒಂದು ಪೆಟ್ಟು ಕೊಟ್ಟಳು. ಸಾವ್ಕಾರರ ಕಣ್ಣು ಬೆಳ್ಳಿಯ ಕಟ್ಟಿನ ಮೇಲೆ ನಿಂತಿತು. ಅವರು ಅವ್ವ ಕೊಟ್ಟ ತುಂಡನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಚೀಪಿ, ತಂಬಿಗೆಯನ್ನು ಎತ್ತಿ ನೀರೆಲ್ಲ ಕುಡಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕರು.

“ಎಷ್ಟ್ ವರ್ಷ ಬಡದೀನಿ ತಮ್ಮಾ ಇದರಿಂದ. ಒಂದ್ಸಲನೂ ಬೆಲ್ಲ ಉದುರಲಿಲ್ಲ ನೋಡು! ಕಪಾಟಿನ್ಯಾಗ ಬ್ಯಾರೆ ಒಂದ್ ಇಡೋಣಂತ. ಇದು ಇಲ್ಲೇ ದುಡೀಲಿ.” ಅವ್ವನ ಕಡೆ ತಿರುಗಿ ಕೈ ಚಾಚಿದರು. “ಯವ್ವಾ, ಇನ್ನೊಂದು ತುಂಡು ಕೊಡ್ರಿ.”

ಅವರು ಹೋದ ಮೇಲೆ ಅವ್ವ ಖಾಲಿ ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ನನಗೆ ಅಳು ಬಂದಿತ್ತು, ಆಕೆಗೆ ಬರಲಿಲ್ಲ. ಕೊನೆಗೆ ಎದ್ದು, “ಸಂಜಿಗಿ ಪ್ಯಾಟಿಗಿ ಹೋದ್ರ ಇನ್ನೊಂದು ಪೆಂಟಿ ತಗೊಂಡ್ ಬಾ. ಅವ್ರು ಮತ್ತ ಬರ್ತಾರ” ಎಂದಳು.

ಬಂದರು. ಎಂಬತ್ತರ ದಶಕ ಮುಗಿಯುವವರೆಗೂ, ರಾಯಚೂರಿಗೆ ಕಾಲಿಟ್ಟಾಗಲೆಲ್ಲ ಮೊದಲು ನಮ್ಮ ಮನೆಗೆ, ಆಮೇಲೆ ಲಾಡ್ಜಿಗೆ. ಈಗ ಅವರೂ ಇಲ್ಲ, ಅವ್ವನೂ ಇಲ್ಲ. ಕಟ್ಟಳೆಯ ಪ್ರಕಾರ ನಾನೂ ಕೊಡತಿಯನ್ನು ಯಾವನಾದರೂ ತಮ್ಮನಿಗೆ ದಾಟಿಸಬೇಕು. ಬೆಲ್ಲ ಒಡೆಯುವುದಕ್ಕೆ ಪೇಟೆಯಲ್ಲಿ ಯೋಗ್ಯವಾದದ್ದೇನೂ ಸಿಗುವುದಿಲ್ಲವೆಂದು ಆಗಲೇ ಹೇಳಿದೆನಲ್ಲ, ಅದಕ್ಕೇ ಹಿಂದೆಮುಂದೆ ನೋಡುತ್ತಿದ್ದೇನೆ. ನೀವು ಈ ಕಡೆ ಬಂದರೆ, ಬಿಸಿಲಿನ ಹೊತ್ತಿಗೇ ಬನ್ನಿ.