ಬತ್ತಿಸಿ ನೋಡಿದ ನೀರು

ಹೋದ ವಾರ ಪೀಳಮೇಡಿನ ನಮ್ಮ ಫ್ಲ್ಯಾಟಿನಲ್ಲಿ ಕೆಟಲ್ ತೊಳೆಯುತ್ತಿದ್ದೆ. ತಳದಲ್ಲಿ ಬಿಳಿ ಉಪ್ಪಿನ ಪದರ ಗಟ್ಟಿಯಾಗಿ ಕೂತಿತ್ತು, ಉಗುರಿನಿಂದ ಕೆರೆದರೂ ಬರಲೊಲ್ಲದು. ಕೆರೆಯುತ್ತಾ ನಿಂತವಳಿಗೆ ನನ್ನ ಸೈನ್ಸ್ ಟೀಚರ್ ನೆನಪಾದರು...

ತಿರುಪ್ಪೂರಿನ ನಮ್ಮ ಹೆಣ್ಣುಮಕ್ಕಳ ಶಾಲೆಗೆ ಅವರು ಬರುವವರೆಗೆ ವಿಜ್ಞಾನದ ಪೀರಿಯಡ್ಡಿನಲ್ಲಿ ನಾವು ಕಸೂತಿ ಹಾಕುತ್ತಿದ್ದೆವು. ಹುಡುಗಿಯರಿಗೆ ಆಸಿಡ್ಡು, ಬೆಂಕಿ ಎಲ್ಲ ಯಾಕೆ ಎಂಬುದು ಆಡಳಿತದವರ ವಾದ. ಮನೆಯಲ್ಲಿ ಮೂರು ಹೊತ್ತೂ ಒಲೆಯ ಮುಂದೆ ಕೂರಿಸುವಾಗ ಮಾತ್ರ ಆ ಭಯ ಯಾರಿಗೂ ಇರಲಿಲ್ಲ! ಟೀಚರ್ ಮುರಿದ ಬೆಂಚುಗಳ ಕೋಣೆಯನ್ನು ತಾವೇ ಗುಡಿಸಿ, ಎರಡು ಸ್ಪಿರಿಟ್ ದೀಪ, ನಾಲ್ಕು ಪಿಂಗಾಣಿ ಬಟ್ಟಲು ತಂದಿಟ್ಟು ಇದೇ ಲ್ಯಾಬ್ ಎಂದರು. ಶಾಲೆಯಲ್ಲೆಲ್ಲ ತಮಿಳು. ಅವರ ಮನೆಮಾತು ಮಾತ್ರ ನಮ್ಮ ಹಾಗೆ ಕನ್ನಡ. ನಾನೊಬ್ಬಳೇ ಸಿಕ್ಕಾಗ "ಏನು ಕಣ್ಣು, ಊಟ ಆಯ್ತಾ?" ಎಂದು ಮುದ್ದಿನಿಂದ ಕೇಳುತ್ತಿದ್ದರು. ಅವರೆಂದರೆ ನನಗೆ ಪ್ರಾಣ.

ಒಂದು ದಿನ ಎಲ್ಲರೂ ಮನೆಯ ಬಾವಿ ನೀರು ತರಬೇಕೆಂದರು. ನೀರು ಬತ್ತಿಸಿ, ಏನು ಉಳಿಯುತ್ತದೆಂದು ನೋಡುವ ಪಾಠ. ನಮ್ಮಪ್ಪನದು ನೂಲಿಗೆ ಬಣ್ಣ ಹಾಕುವ ಕೆಲಸ. ಬಣ್ಣದ ಕೊಳೆನೀರೆಲ್ಲ ಹಿತ್ತಿಲ ಗುಂಡಿಗೇ ಹೋಗುತ್ತಿತ್ತು. ನಮಗೆ ಕುಡಿಯಲು ಲಾರಿಯಲ್ಲಿ ನೀರು ಬರುತ್ತಿತ್ತು. ಗೋಡೆಯಾಚೆಯ ಮನೆಯವರು ಮಾತ್ರ ತಮ್ಮ ಬಾವಿಯದನ್ನೇ ಕುಡಿಯುತ್ತಿದ್ದರು. ಅವ್ವ ನನ್ನ ಬಾಟಲಿಗೆ ಬಾವಿ ನೀರಿನ ಬದಲು ಲಾರಿ ನೀರು ತುಂಬಿದಳು. "ನಮ್ಮ ಕೆಣರು ತಣ್ಣಿ ಬೇಡ ಕಣ್ಣು. ಅಪ್ಪಂಗೆ ತೊಂದ್ರೆ ಆಗ್ತದೆ."

ನನ್ನ ಬಟ್ಟಲಲ್ಲಿ ಬೂದಿ ಸವರಿದಷ್ಟು ಉಳಿಯಿತು. ಪಕ್ಕದ ಮನೆಯ ಹುಡುಗಿಯ ಬಟ್ಟಲಲ್ಲಿ ನೇರಳೆ ಬಣ್ಣದ ಉಪ್ಪು, ಚಮಚದಲ್ಲಿ ತೆಗೆಯುವಷ್ಟು. ಟೀಚರ್ ಅದನ್ನು ಹಿಡಿದುಕೊಂಡೇ ಅವಳ ಮನೆಗೆ ಹೋಗಿ, ಆ ನೀರು ಕುಡಿಯಬೇಡಿ ಎಂದು ಹೇಳಿಬಂದರು. ಬಣ್ಣದ ಕೊಳೆನೀರಿನ ಬಗ್ಗೆ ಮೇಲಧಿಕಾರಿಗಳಿಗೆ ಅರ್ಜಿಯನ್ನೂ ಬರೆದರು.

ಮಾರನೆಯ ವಾರ ಅಪ್ಪ ಇನ್ನಿಬ್ಬರು ಬಣ್ಣದ ಕೆಲಸದ ಯಜಮಾನರ ಜೊತೆ ಶಾಲೆಗೆ ಬಂದರು. ಗುಂಡಿ ಇರುವ ನಮ್ಮ ಮನೆಯ ಬಾವಿಯೇ ಚೆನ್ನಾಗಿರುವಾಗ ಪಕ್ಕದ ಬಾವಿ ಕೆಡುವುದು ಹೇಗೆ ಎಂದು ಹೆಡ್‌ಮಿಸ್ಟ್ರೆಸ್ಸನ್ನು ಕೇಳಿದರು. ನನ್ನನ್ನು ಕರೆಸಿದರು. ಟೀಚರ್ ನನ್ನತ್ತ ಬಗ್ಗಿ ಮೆಲ್ಲಗೆ ಕನ್ನಡದಲ್ಲಿ, "ಹೆದರ್ಬೇಡ ಕಣ್ಣು. ನೀ ತಂದಿದ್ದು ಎಲ್ಲಿ ನೀರು?" ಎಂದರು. ಅಪ್ಪ ನೆಲ ನೋಡುತ್ತಿದ್ದರು. ನಾನು ಹೆಡ್‌ಮಿಸ್ಟ್ರೆಸ್ ಕಡೆ ತಿರುಗಿ ತಮಿಳಿನಲ್ಲಿ ಹೇಳಿದೆ: "ಎಂಗ ಕೆಣತ್ತು ತಣ್ಣಿದಾಂಗ ಮಿಸ್." ನಮ್ಮ ಬಾವಿಯದೇ ಎಂದು.

ಟೀಚರ್ ನನ್ನ ತಲೆ ಸವರಿ ಹೊರಗೆ ಹೋದರು... ವಾರದೊಳಗೆ ಅವರ ಕೆಲಸ ಹೋಯಿತು. ಲ್ಯಾಬಿನಲ್ಲಿ ಮತ್ತೆ ಕಸೂತಿ ಶುರುವಾಯಿತು. ಪಕ್ಕದ ಮನೆಯವರು ಟೀಚರ್ ಹೇಳಿದ್ದೆಲ್ಲ ಸುಳ್ಳೆಂದುಕೊಂಡು ಅದೇ ನೀರು ಕುಡಿದರು. ಮೂರು ವರ್ಷಕ್ಕೆ ಆ ಹುಡುಗಿಯ ತಾಯಿ ಕಿಡ್ನಿ ಕೆಟ್ಟು ತೀರಿಕೊಂಡರು. ನೀರಿನಿಂದಲೇ ಎಂದು ಯಾರೂ ಹೇಳಲಿಲ್ಲ. ಹೇಳುವವರನ್ನು ಓಡಿಸಿಯಾಗಿತ್ತಲ್ಲ.

ನಾನು ಕೆಮಿಸ್ಟ್ರಿಯನ್ನೇ ಓದಿ, ಕಾಲೇಜಿನಲ್ಲಿ ಅದನ್ನೇ ಕಲಿಸಿ ನಿವೃತ್ತಳಾದೆ. ಟೀಚರ್ ಧಾರಾಪುರಂನಲ್ಲಿದ್ದಾರೆಂದು ಎಷ್ಟೋ ವರ್ಷದಿಂದ ಗೊತ್ತಿತ್ತು. ಬಸ್ಸು ಬೇಕಾದಷ್ಟಿದ್ದವು, ಧೈರ್ಯ ಇರಲಿಲ್ಲ.

ಮೊನ್ನೆ ಕೊನೆಗೂ ಹೋದೆ. ಅವರು ತೀರಿಕೊಂಡು ಎಂಟು ತಿಂಗಳಾಗಿತ್ತು. ಅವರ ತಂಗಿ ಕಾಫಿ ಕೊಟ್ಟು ಎದುರಿಗೆ ಕೂತರು. "ಅಕ್ಕ ನಿಮ್ಮನ್ನ ರೊಂಬ ಪೆರುಮೆಯಾಗಿ ಹೇಳ್ತಿದ್ಳು, ನನ್ನ ಹುಡುಗಿ ಕೆಮಿಸ್ಟ್ರಿ ಪ್ರೊಫೆಸರ್ ಅಂತ. ಆ ಸ್ಕೂಲು ಯಾಕೆ ಬಿಟ್ಳು ಅಂತ ಮಾತ್ರ ಸಾಯೋವರೆಗೂ ಹೇಳ್ಲೇ ಇಲ್ಲ. ನಿಮಗೇನಾದ್ರೂ ಗೊತ್ತಾ?"

ಅಪ್ಪ ಹೋಗಿ ಇಪ್ಪತ್ತು ವರ್ಷವಾಗಿದೆ. ಆ ಬಣ್ಣದ ಕೆಲಸವೂ ನಿಂತಿದೆ. ನಾನು ಹೆದರಬೇಕಾದವರು ಯಾರೂ ಉಳಿದಿಲ್ಲ.

ಗೊತ್ತಿಲ್ಲ ಅಂದೆ.