ಸಿಂಕಿನ ಕೆಳಗಿನ ತಗಡಿನ ಬಿಲ್ಲೆ

ಆಷಾಢ ಕಳೆದ ಮೊದಲ ಭಾನುವಾರ, ಬೆಳಗ್ಗೆ ಒಂಬತ್ತು ಗಂಟೆ. ರವೀಂದ್ರನಗರದ ನಮ್ಮ ಎರಡನೇ ಮಹಡಿಯ ಫ್ಲ್ಯಾಟಿನಲ್ಲಿ ಹಾಜರಿದ್ದವರು ನಾನು, ನನ್ನ ಹೆಂಡತಿ, ಬ್ರೋಕರ್ ಮತ್ತು ಮನೆ ನೋಡಲು ಬಂದ ಗಂಡ ಹೆಂಡತಿ. ಆಕೆಗೆ ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಕೆಲಸ.

ಮನೆ ಮಾರಲೇಬೇಕಿತ್ತು. ಕಟ್ಟಡಕ್ಕೆ ಲಿಫ್ಟ್ ಇಲ್ಲ, ನನ್ನ ಹೆಂಡತಿಯ ಮಂಡಿ ಮೆಟ್ಟಿಲಿಗೆ ಒಗ್ಗುತ್ತಿರಲಿಲ್ಲ. ಭದ್ರಾವತಿಯಲ್ಲಿ ಅವಳ ತಂಗಿಯ ಪಕ್ಕದ ನೆಲಮಹಡಿ ಮನೆಯನ್ನು ಅದರ ಮಾಲೀಕರು ಶ್ರಾವಣ ಮುಗಿಯುವವರೆಗೆ ಮಾತ್ರ ನಮಗಾಗಿ ಇಟ್ಟಿದ್ದರು.

ಎರಡು ಕೋಣೆಯ ಫ್ಲ್ಯಾಟನ್ನು ನಾನೇ ಮುಂದೆ ನಿಂತು ಹೊಸದು ಮಾಡಿಸಿದ್ದೆ. ಟೈಲ್ಸ್, ವೈರಿಂಗ್, ಪೈಪು ಎಲ್ಲ ಬದಲಾಯಿತು. ಕೊನೆಗೆ ಪ್ರತಿ ಸ್ವಿಚ್ಚಿಗೂ ವಾಲ್ವಿಗೂ ಒಂದೊಂದು ತಗಡಿನ ಬಿಲ್ಲೆ ಹಾಕಿದೆ: ಇದು ಯಾವುದಕ್ಕೆ, ಯಾವ ಕಡೆ ತಿರುಗಿಸಬೇಕು, ಪರೀಕ್ಷಿಸಿದ ತಾರೀಖು ಯಾವುದು. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಮೇಂಟೆನೆನ್ಸ್ ನೋಡಿಕೊಂಡವನು ನಾನು. ಬಿಲ್ಲೆಯಿಲ್ಲದ ವಾಲ್ವ್ ಕಂಡರೆ ನನಗೆ ಊಟ ಸೇರುವುದಿಲ್ಲ.

ಮೊದಲು ಬಂದಿದ್ದ ಮೂರು ಪಾರ್ಟಿಯವರೂ ಬಿಲ್ಲೆಗಳನ್ನು ನೋಡಿ ನಕ್ಕು ಹೋಗಿದ್ದರು. ಕಿತ್ತುಹಾಕಿ ಎಂದು ಬ್ರೋಕರ್ ಗೋಗರೆದ. ಹೆಂಡತಿಯೂ ಅವನ ಕಡೆಯೇ.

"ರೀ, ಇದೇನು ಮನೆಯೋ ಪವರ್ ಹೌಸೋ? ನನ್ನ ಹಣೆಗೂ ಒಂದು ಹೊಡೆದುಬಿಡಿ."

ನಾನು ಕೀಳಲಿಲ್ಲ.

ಆ ದಿನ ಬಂದ ಗಂಡಸು ಅಡುಗೆಮನೆಯ ಹೊಸ ನಲ್ಲಿಯನ್ನು ತಿರುಗಿಸಿದ. ಅದು ಬುಡಸಮೇತ ಅವನ ಕೈಗೆ ಬಂತು. ಚಿಮ್ಮಿದ ನೀರಿಗೆ ಅವನ ಅಂಗಿ, ಬ್ರೋಕರನ ಮೊಬೈಲು, ನನ್ನ ಕನ್ನಡಕ ಎಲ್ಲ ತೋಯ್ದವು. ನನಗೆ ಏನೂ ಕಾಣಲಿಲ್ಲ. ಅವನ ಹೆಂಡತಿ ಬಗ್ಗಿ ಸಿಂಕಿನ ಕೆಳಗಿನ ಬಿಲ್ಲೆ ಓದಿ ವಾಲ್ವನ್ನು ಬಲಕ್ಕೆ ತಿರುಗಿಸಿದಳು. ನೀರು ನಿಂತಿತು.

ನಲ್ಲಿ ಕೂರಿಸಿದವನು ನಾನೇ, ತಪ್ಪು ನನ್ನದೇ ಎಂದು ಒಪ್ಪಿಕೊಂಡೆ. ಈ ಪಾರ್ಟಿಯೂ ಹೋಯಿತು ಎಂದುಕೊಂಡೆ. ಆಕೆ ಮುಖ ಒರೆಸಿಕೊಳ್ಳುತ್ತ ನಕ್ಕಳು. ಅವರ ಬಾಡಿಗೆ ಮನೆಯಲ್ಲಿ ಪೈಪು ಒಡೆದಾಗ ವಾಲ್ವ್ ಹುಡುಕುವಷ್ಟರಲ್ಲಿ ಹಾಸಿಗೆಯೇ ನೆನೆದುಹೋಗಿತ್ತಂತೆ.

"ಅಂಕಲ್, ಮನೆ ನಾವೇ ತಗೋತೀವಿ. ಆದ್ರೆ ಬಿಲ್ಲೆ ಒಂದೂ ಕೀಳಬಾರದು."

ನಾನು ಹೆಂಡತಿಯ ಮುಖ ನೋಡಿದೆ.

"ನನ್ನೇನು ನೋಡ್ತೀರ? ಕಾಫಿಗೆ ನೀರು ಬೇಕು, ಮೊದಲು ನಲ್ಲಿ ಹಾಕಿ," ಎಂದಳು. ಆದರೆ ಮಧ್ಯಾಹ್ನ ತಂಗಿಗೆ ಫೋನ್ ಮಾಡಿ, ಮನೆ ಮಾರಿದ್ದು ಇವರ ಬಿಲ್ಲೆ ಕಣೇ ಎಂದು ಹೇಳಿದ್ದನ್ನು ನಾನು ಕೇಳಿಸಿಕೊಂಡೆ.

ಸಂಜೆ ಐದಕ್ಕೆ ಇನ್ನೊಂದು ಹೊಸ ನಲ್ಲಿ ತಂದು ಕೂರಿಸಿ ಮೂರು ಬಾರಿ ತಿರುಗಿಸಿ ನೋಡಿದೆ. ಹನಿಯೂ ಸೋರಲಿಲ್ಲ. ಬಿಲ್ಲೆಯ ಮೇಲಿನ ಹಳೆಯ ತಾರೀಖು ಕೆರೆದು ಅಂದಿನ ತಾರೀಖು ಬರೆದೆ.