ಒಂದು ಸೀಸನ್ನಿನ ಅಳಿಯ

ಕಳೆದ ಯುಗಾದಿಗೆ ಇಲ್ಲಿನ ಕನ್ನಡ ಬಳಗದವರು ಹೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ನ ಶಾಲೆಯೊಂದರ ಜಿಮ್‌ನಲ್ಲಿ, ಮಕ್ಕಳು ಬ್ಯಾಸ್ಕೆಟ್‌ಬಾಲ್ ಆಡುವ ಹಾಲಿನಲ್ಲಿ, ಸೇರಿದ್ದರು. ಬಾಗಿಲು ತೆಗೆಯುತ್ತಿದ್ದಂತೆ ಮರದ ನೆಲಕ್ಕೆ ಹಚ್ಚಿದ ಪಾಲಿಶ್‌ನ ವಾಸನೆ, ಟ್ರೇಗಳಲ್ಲಿ ಹಬೆಯಾಡುತ್ತಿದ್ದ ಬಿಸಿಬೇಳೆಬಾತಿನ ವಾಸನೆ ಒಟ್ಟಿಗೇ ಮೂಗಿಗೆ ಬಡಿದವು. ನಾನು ಮುಂದೆ ಹೋಗಲಿಲ್ಲ. ಹೋಳಿಗೆಯ ಡಬ್ಬಿಯನ್ನು ಮಗಳ ಕೈಗೆ ಕೊಟ್ಟು ಕಾರಿಗೆ ವಾಪಸು ಬಂದೆ. ಆ ಎರಡು ವಾಸನೆ ಸೇರಿದರೆ ನನಗೆ ಭಾವ ನೆನಪಾಗುತ್ತಾರೆ...

ಭಾವ ನನ್ನ ಅಕ್ಕನ ಗಂಡ. ಬ್ಯಾಸ್ಕೆಟ್‌ಬಾಲ್ ಆಡುವುದೇ ಅವರ ಕಸುಬು. ಪೂರ್ವ ಟೆಕ್ಸಸ್‌ನ ಸಣ್ಣ ಊರಿನ ಕಪ್ಪು ಜನರ ಮನೆತನ. ತಾಯಿ ಶಾಲೆಯ ಬಸ್ ಓಡಿಸುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ಅಕ್ಕ ಆಸ್ಟಿನ್‌ನಲ್ಲಿ ಫಾರ್ಮಸಿ ಓದುತ್ತಿದ್ದಾಗ ಅವರು ಅಲ್ಲಿನ ಕಾಲೇಜು ತಂಡದಲ್ಲಿದ್ದರು. ಓದು ಮುಗಿದ ಮೇಲೆ ಕೋರ್ಟ್‌ಹೌಸ್‌ನಲ್ಲಿ ಮದುವೆಯಾದರು. ನಮ್ಮ ಕಡೆಯಿಂದ ಹೋದವಳು ನಾನೊಬ್ಬಳೇ.

ಅಪ್ಪ ಧಾರವಾಡದವರು, ಹೂಸ್ಟನ್‌ನ ಎಣ್ಣೆ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದರು. ಸುದ್ದಿ ತಿಳಿದ ದಿನ ಅಕ್ಕನಿಗೆ ಫೋನಿನಲ್ಲಿ, "ಚೆಂಡ ಆಡಾವನ್ನ ಮದಿವಿ ಮಾಡಿಕೊಂಡೀಯಲ್ಲ, ನಾಳೆ ಹೊಟ್ಟಿಗೇನ ತಿಂತೀ?" ಎಂದರು. ಬಣ್ಣದ ಮಾತನ್ನು ಅವರು ಆಡಲಿಲ್ಲ. ಆಡದಿದ್ದರೂ ಮನೆಯಲ್ಲಿ ಎಲ್ಲರಿಗೂ ಅದು ಕೇಳಿಸಿತು. ಆಮೇಲೆ ವರ್ಷಗಟ್ಟಲೆ ಅಕ್ಕ ಒಬ್ಬಳೇ ಬಂದು ಅಮ್ಮನನ್ನು ನೋಡಿಕೊಂಡು ಹೋಗುತ್ತಿದ್ದಳು.

ದೊಡ್ಡ ಲೀಗ್‌ನ ಯಾವ ತಂಡವೂ ಭಾವನನ್ನು ಆರಿಸಿಕೊಳ್ಳಲಿಲ್ಲ. ಒಂದು ಚಳಿಗಾಲ ಟರ್ಕಿಯಲ್ಲಿ, ಇನ್ನೊಂದು ಬೇಸಗೆ ಫಿಲಿಪ್ಪೀನ್ಸ್‌ನಲ್ಲಿ ಆಡಿ ಬಂದರು. ಡ್ಯಾಲಸ್ ತಂಡದವರು ತಮ್ಮ ಆಟಗಾರನಿಗೆ ಪೆಟ್ಟಾದಾಗ ಕರೆದು ಹತ್ತು ದಿನದ ಕಾಂಟ್ರ್ಯಾಕ್ಟ್ ಕೊಡುತ್ತಿದ್ದರು. ಆತ ಚೇತರಿಸಿಕೊಂಡ ಕೂಡಲೇ ಇವರನ್ನು ಕಳಿಸಿಬಿಡುತ್ತಿದ್ದರು. "ಇನ್ನೊಬ್ಬನ ಕಾಲ ಮುರೀಲಿ ಅಂತ ಬೇಡಿಕೋಬೇಕಾದ ನೌಕರಿ ನಮ್ದು," ಎಂದು ಅಕ್ಕ ನಗುತ್ತಿದ್ದಳು. ಅವಳು ಹಾಗೆಂದರೆ ಭಾವ ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಅವರಿಗೆ ಆ ನಗು ಹಿಡಿಸುತ್ತಿರಲಿಲ್ಲ.

ಆಗ ಇಬ್ಬರೂ ಡ್ಯಾಲಸ್ ಪಕ್ಕದ ಲೂಯಿಸ್‌ವಿಲ್‌ನ ಅಪಾರ್ಟ್‌ಮೆಂಟ್‌ನಲ್ಲಿದ್ದರು. ಸುತ್ತಲೂ ಸಾಫ್ಟ್‌ವೇರ್‌ನವರು, ಬೆಳಿಗ್ಗೆಯೇ ಎಲ್ಲರ ಕಾರುಗಳೂ ಹೊರಟುಹೋಗುತ್ತಿದ್ದವು. ಅಕ್ಕನ ಮನೆಯಲ್ಲಿ ಮಾತ್ರ, ಯಾವಾಗ ಹೊರಡಬೇಕೋ ಎಂದು, ಪಾತ್ರೆಗಳ ಪೆಟ್ಟಿಗೆ ಟೇಪ್ ಹಾಕಿದಂತೆಯೇ ಇತ್ತು. ಮಂಚ ಕೊಂಡಿರಲಿಲ್ಲ, ಅಷ್ಟೆತ್ತರದ ಮನುಷ್ಯ ನೆಲದ ಮೇಲಿನ ಹಾಸಿಗೆಯಲ್ಲಿ ಕಾಲು ಹೊರಗೆ ಚಾಚಿ ಮಲಗುತ್ತಿದ್ದರು. ನಾನು ಹೋದಾಗ ತಾವೇ ಮೊಟ್ಟೆ ಹುರಿದು ಕೊಡುತ್ತಿದ್ದರು. ನನ್ನನ್ನು "ಟಂಗಿ" ಎಂದು ಕರೆಯುತ್ತಿದ್ದರು, ಅಕ್ಕ ಎಷ್ಟು ಹೇಳಿಕೊಟ್ಟರೂ ತಂಗಿಯ 'ತ' ಅವರ ನಾಲಿಗೆಗೆ ಬರಲೇ ಇಲ್ಲ.

ಒಮ್ಮೆ ಹೇಳಿದರು: "ಇವತ್ತು ಪ್ರಾಕ್ಟೀಸ್‌ನಲ್ಲಿ ಕೋಚ್ ನನ್ನನ್ನ ಆ ಪೆಟ್ಟಾದವನ ಹೆಸರಲ್ಲಿ ಕರೆದರು, ಟಂಗಿ."

"ನೀವೇನು ಅಂದ್ರಿ?"

"ಕರೆದ ಕಡೆಗೆ ಓಡಿದೆ. ತಿದ್ದೋಕೆ ನಿಂತಿದ್ರೆ ಬೇರೆಯವನು ಓಡ್ತಿದ್ದ."

ಆಮೇಲೆ ಹೂಸ್ಟನ್ ತಂಡ ಅವರನ್ನು ಇಡೀ ಸೀಸನ್‌ಗೆ ತೆಗೆದುಕೊಂಡಿತು. ಅಪ್ಪನ ಆಫೀಸಿನಲ್ಲಿ ಯಾರೋ ಟಿವಿಯಲ್ಲಿ ನೋಡಿ, "ಇವನು ನಿನ್ನ ಅಳಿಯ ಅಂತೆ, ಹೌದಾ?" ಎಂದು ಕೇಳಿದರಂತೆ. ಅದೇ ಶನಿವಾರ ಅಪ್ಪ ತಾವಾಗಿ ಫೋನ್ ಮಾಡಿ ಇಬ್ಬರನ್ನೂ ಊಟಕ್ಕೆ ಕರೆದರು. ಅಮ್ಮ ಬೆಳಗಿನಿಂದ ರೊಟ್ಟಿ ಬಡಿದಳು. ಭಾವ ಬಾಗಿಲಲ್ಲಿ ಬಗ್ಗಿ ಒಳಗೆ ಬಂದು, "ಥ್ಯಾಂಕ್ ಯೂ ಫಾರ್ ಹ್ಯಾವಿಂಗ್ ಮಿ, ಸರ್," ಎಂದರು. ಅಪ್ಪ ಕೇಳಿದ್ದು ಆಟದ ಟಿಕೆಟ್ಟುಗಳ ವಿಷಯ.

ಆ ಚಳಿಗಾಲವಿಡೀ ಅಪ್ಪನ ಬಾಯಲ್ಲಿ "ನಮ್ಮ ಅಳಿಯ, ನಮ್ಮ ಅಳಿಯ". ಅಳಿಯ ಬೆಂಚಿನ ತುದಿಯಲ್ಲಿ ಕೂರುತ್ತಿದ್ದರು, ಫಲಿತಾಂಶ ನಿರ್ಧಾರವಾದ ಮೇಲೆ ಸ್ವಲ್ಪ ಹೊತ್ತು ಅಂಗಳಕ್ಕಿಳಿಯುತ್ತಿದ್ದರು. ಅದನ್ನು ನಮ್ಮವರು ಯಾರೂ ಲೆಕ್ಕಕ್ಕಿಡಲಿಲ್ಲ. ಬಳಗದವರು ಸಂಕ್ರಾಂತಿ ಕಾರ್ಯಕ್ರಮದಲ್ಲಿ ಸನ್ಮಾನ ಇಟ್ಟುಕೊಂಡರು. ಅದೂ ಶಾಲೆಯ ಜಿಮ್ಮೇ, ಅದೇ ಪಾಲಿಶ್, ಅದೇ ಬಿಸಿಬೇಳೆಬಾತ್. ಪೇಟ ತೊಡಿಸಲು ಅಧ್ಯಕ್ಷರು ಕುರ್ಚಿ ಹತ್ತಲು ಹೊರಟರು, ಜನ ಗೊಳ್ಳೆಂದು ನಕ್ಕರು. ಭಾವ ತಾವೇ ಮಂಡಿಯೂರಿ ತಲೆ ಬಗ್ಗಿಸಿದರು. ಆಮೇಲೆ ಹಿಂದಿನಿಂದ ಯಾರೋ, "ಒಂದು ಡಂಕ್ ಆಗ್ಲಿ!" ಎಂದು ಕೂಗಿದರು, ಎಂದರೆ ಎತ್ತರಕ್ಕೆ ಜಿಗಿದು ಚೆಂಡನ್ನು ಬಳೆಯೊಳಗೆ ಕುಕ್ಕಬೇಕು. ಮಕ್ಕಳೆಲ್ಲ ಚಪ್ಪಾಳೆ ಶುರು ಮಾಡಿದರು. ಅಪ್ಪ ಮೈಕ್ ಹಿಡಿದು, "ಮಾಡ್ತಾರ, ಮಾಡ್ತಾರ," ಎಂದುಬಿಟ್ಟರು.

ನಾನು ಹಾರದ ತಟ್ಟೆ ಹಿಡಿದು ಪಕ್ಕದಲ್ಲೇ ಇದ್ದೆ. ಭಾವ ಅಪ್ಪನ ಕಿವಿಯ ಹತ್ತಿರ ಬಗ್ಗಿ ಇಂಗ್ಲಿಷಿನಲ್ಲಿ ಹೇಳಿದರು: "ಸರ್, ತಂಡವನ್ನ ಕೇಳದೆ ಹೊರಗೆಲ್ಲೂ ಆಡಬಾರದು ಅಂತ ಕಾಂಟ್ರ್ಯಾಕ್ಟ್‌ನಲ್ಲಿದೆ. ದಯವಿಟ್ಟು ಇವತ್ತು ಬೇಡ."

ಅಪ್ಪ ಮೈಕಿಗೆ ಕೈ ಅಡ್ಡ ಹಿಡಿದು ಅವರ ಬೆನ್ನು ಸವರಿದರು. "ಒಂದೇ ಸಲ. ಇಷ್ಟು ಜನರ ಮುಂದೆ ನನ್ನ ಮಾತು ಉಳಿಸು, ಮೈ ಸನ್."

ಅಪ್ಪ ಅವರನ್ನು ಮಗ ಎಂದದ್ದು ಅದೇ ಮೊದಲು. ಭಾವ ಅಪ್ಪನ ಮುಖವನ್ನೇ ಒಂದು ಕ್ಷಣ ನೋಡಿದರು. ಶಾಲು, ಪೇಟ ತೆಗೆದು ನನ್ನ ಕೈಗಿತ್ತರು. ಪಾರ್ಟಿ ಶೂ ಕಳಚಿ, ಮಕ್ಕಳು ಕೊಟ್ಟ ಚೆಂಡು ಹಿಡಿದು ಬರಿಗಾಲಲ್ಲಿ ಓಡಿದರು, ಜಿಗಿದರು. ಚೆಂಡು ಬಳೆಯೊಳಗೆ ಬಿತ್ತು. ನೆಲಕ್ಕೆ ಬಂದಾಗ ಒಣಕಡ್ಡಿ ಮುರಿದಂಥ ಸದ್ದಾಯಿತು. ಭಾವ ಹಿಂದಕ್ಕೆ ತಿರುಗಿ ನೋಡಿದರು, ಹಿಮ್ಮಡಿಗೆ ಯಾರೋ ಬೂಟುಗಾಲಲ್ಲಿ ಒದ್ದ ಹಾಗಾಯಿತಂತೆ. ಹಿಂದೆ ಯಾರೂ ಇರಲಿಲ್ಲ. ಆಮೇಲೆ ಕುಸಿದು ಕುಳಿತರು. ಜನ ಇನ್ನೂ ಚಪ್ಪಾಳೆ ತಟ್ಟುತ್ತಿದ್ದರು.

ಹಿಮ್ಮಡಿಯ ಮೇಲಿನ ದಪ್ಪ ನರ ಪೂರ್ತಿ ಹರಿದುಹೋಗಿತ್ತು. ಅಕ್ಕ ಡ್ಯೂಟಿಯಿಂದ ನೇರ ಆಸ್ಪತ್ರೆಗೆ ಬಂದಳು, ನಾನು ಕೇಳಿಸಿಕೊಂಡದ್ದನ್ನು ಅವಳಿಗೆ ಅಲ್ಲೇ ಹೇಳಿದೆ. ತಂಡದವರು ವಿಚಾರಿಸಿದಾಗ ಭಾವ, "ಯಾರೂ ಒತ್ತಾಯ ಮಾಡಲಿಲ್ಲ, ನನ್ನದೇ ಉಮೇದು," ಎಂದರು. ಕಾಂಟ್ರ್ಯಾಕ್ಟ್ ರದ್ದಾಯಿತು. ಬಳಗದಿಂದ ಹೂಗುಚ್ಛ ಬಂತು. ಅಪ್ಪ ಮನೆಯಲ್ಲಿ ಅಮ್ಮನೆದುರು, "ನಾ ಏನ ಕೈ ಹಿಡದು ಜಗ್ಗಿನೇನು? ಅಷ್ಟ ದೊಡ್ಡಾಂವ, ಅವಗ ತಿಳೀಬೇಕಿತ್ತು," ಎಂದರು. ಅಮ್ಮ ಎದ್ದು ಒಳಗೆ ಹೋದಳು. 'ನಮ್ಮ ಅಳಿಯ' ಎಂಬ ಮಾತು ನಮ್ಮ ಮನೆಯಲ್ಲಿ ಮತ್ತೆ ಕೇಳಿಸಲಿಲ್ಲ. ಅಕ್ಕ ಅಪ್ಪನಿಗೆ ಫೋನ್ ಮಾಡಿ ಒಂದೇ ಮಾತು ಹೇಳಿದಳು: "ಇನ್ನ ಮ್ಯಾಲೆ ನೀವ ನನಗ ಫೋನ್ ಮಾಡಬ್ಯಾಡ್ರಿ."

ಕಾಲು ಕೂಡಿಕೊಂಡ ಮೇಲೆ ಭಾವ ಆಸ್ಟಿನ್‌ನ ಚಿಕ್ಕ ಲೀಗ್ ತಂಡ ಸೇರಿದರು. ಊರಿಂದೂರಿಗೆ ಬಸ್ಸು, ಹೆದ್ದಾರಿ ಪಕ್ಕದ ಮೋಟೆಲ್ಲು, ಅರ್ಧ ಖಾಲಿ ಹಾಲ್‌ಗಳು. ನಾನೊಮ್ಮೆ ನೋಡಲು ಹೋಗಿದ್ದೆ. ಮೊದಲು ಗಾಳಿಯಲ್ಲಿ ತೇಲುತ್ತಿದ್ದ ಮನುಷ್ಯನ ಒಂದು ಕಾಲು ನೆಲ ಬಿಟ್ಟು ಏಳುತ್ತಲೇ ಇರಲಿಲ್ಲ. ಎದುರಾಳಿ ಹುಡುಗರು ಅವರನ್ನು ಬಾಗಿಲು ದಾಟಿದ ಹಾಗೆ ದಾಟಿಹೋಗುತ್ತಿದ್ದರು. ಆ ತಂಡದಲ್ಲಿ ಅವರ ಜಾಗಕ್ಕೇ ಕಣ್ಣಿಟ್ಟಿದ್ದ ಹೊಸಬನೊಬ್ಬನಿದ್ದ. ಭಾವ ಬಿಡುವಿನಲ್ಲೆಲ್ಲ ಅವನಿಗೇ ಪಾಠ ಹೇಳುತ್ತಿದ್ದರು. ದೊಡ್ಡ ಲೀಗ್‌ನಿಂದ ಅವನಿಗೆ ಕರೆ ಬಂದಾಗ ಏರ್‌ಪೋರ್ಟ್‌ಗೆ ಬಿಟ್ಟು ಬಂದವರೂ ಇವರೇ. ಸೀಸನ್ ಮುಗಿಯುವ ಮೊದಲೇ ಇವರನ್ನು ಕೈಬಿಟ್ಟರು. ಆಮೇಲೆ ಅಲ್ಲಿನ ಶಾಲೆಯೊಂದರಲ್ಲಿ ಆಟದ ಮೇಷ್ಟ್ರಾದರು...

ಪ್ರತಿ ದೀಪಾವಳಿಗೂ ಭಾವ ಅಕ್ಕನಿಗೆ ಗೊತ್ತಾಗದಂತೆ ಅಪ್ಪನಿಗೆ ಫೋನ್ ಮಾಡುತ್ತಿದ್ದರು. "ಹ್ಯಾಪಿ ದೀಪಾವಳಿ, ಸರ್." ಅಪ್ಪ "ಹ್ಞಾಂ, ಥ್ಯಾಂಕ್ಸ್" ಎಂದು ಫೋನನ್ನು ಅಮ್ಮನಿಗೆ ದಾಟಿಸುತ್ತಿದ್ದರು. ಒಮ್ಮೆ ನಾನು ರೇಗಿ, "ಯಾಕ್ರೀ ಭಾವ, ಅವರಿಗೆ ನಿಮ್ಮ ನೆನಪೇ ಇಲ್ಲ," ಎಂದೆ. "ಜಿಗಿ ಅಂತ ಅವರು ಕೇಳಿದ್ದು ನಿಜ, ಜಿಗಿದವನು ನಾನು," ಎಂದು ನನ್ನ ಬಾಯಿ ಮುಚ್ಚಿಸಿದರು.

ಕೆಲವು ವರ್ಷಗಳ ಹಿಂದೆ, ಇನ್ನೂ ಸಾಯುವ ವಯಸ್ಸಲ್ಲದಾಗ, ಹೃದಯ ನಿಂತು ಭಾವ ತೀರಿಕೊಂಡರು. ಆಸ್ಟಿನ್‌ನ ಚರ್ಚ್‌ನಲ್ಲಿ ಅಪ್ಪ ಶವಪೆಟ್ಟಿಗೆಯ ಪಕ್ಕ ನಿಂತು, ಬಂದವರಿಗೆಲ್ಲ ಕೈಕುಲುಕಿ, "ಹೂಸ್ಟನ್ ತಂಡದಲ್ಲಿದ್ದ, ನಮ್ಮ ಅಳಿಯ," ಎಂದು ಪರಿಚಯ ಹೇಳಿಕೊಳ್ಳುತ್ತಿದ್ದರು. ಅಕ್ಕ ಕೊನೆಯ ಬೆಂಚಿಗೆ ಹೋಗಿ ಕುಳಿತಳು. ಆಮೇಲೆ ಅವಳು ಹೂಸ್ಟನ್‌ಗೆ ಬಂದೇ ಇಲ್ಲ.

ಹೋದ ವಾರ ಅಪ್ಪನ ಪಕ್ಕದ ಮನೆಗೆ ಮೈಸೂರಿನ ದಂಪತಿ ಶಿಫ್ಟ್ ಆದರು. ಅವರು ಮನೆಗೆ ಬಂದಾಗ ನಾನೂ ಅಲ್ಲಿದ್ದೆ, ಚಹಾ ಕುಡಿಯುತ್ತ ಅಪ್ಪ ಶುರು ಮಾಡಿದರು: ಸಂಕ್ರಾಂತಿಯ ಸನ್ಮಾನ, ಆ ಜಿಗಿತ, ಜನರ ಚಪ್ಪಾಳೆ. ಚಪ್ಪಾಳೆಗೇ ಕತೆ ಮುಗಿಸಿದರು.

"ಆಮೇಲೆ ಏನಾತು, ಅದನ್ನೂ ಹೇಳ್ರಿ ಅಪ್ಪಾ," ಎಂದೆ.

"ಆಗಿದ್ದು ಆಗಿಹೋತು. ಈಗ್ಯಾಕ ಅದೆಲ್ಲಾ?"

ಹೊಸಬರು ಕಪ್ಪಿನೊಳಗೆ ನೋಡುತ್ತ ಕುಳಿತರು. ಪೂರ್ತಿ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅದೇ ಹೊತ್ತಿಗೆ ಅನ್ನಿಸಿತು: ಭಾವ ಬದುಕಿ ಇಲ್ಲೇ ಕುಳಿತಿದ್ದರೆ ಅಪ್ಪನ ಕಡೆಗೇ ಮಾತಾಡುತ್ತಿದ್ದರು, ನನ್ನನ್ನೇ ಸುಮ್ಮನಿರಿಸುತ್ತಿದ್ದರು. ಅಪ್ಪನ ಮೇಲಿನ ಸಿಟ್ಟಿಗೆ ವರ್ಷಗಳಿಂದ ಒಗ್ಗಿಹೋಗಿದ್ದೇನೆ. ತಪ್ಪನ್ನೆಲ್ಲ ತಮ್ಮ ಮೇಲೆಯೇ ಹಾಕಿಕೊಂಡು ಹೋದ ಭಾವನ ಮೇಲಿನ ಸಿಟ್ಟನ್ನು ಏನು ಮಾಡಬೇಕೋ ತಿಳಿಯುತ್ತಿಲ್ಲ. ಅದನ್ನು ಕೇಳಿಸಿಕೊಳ್ಳಲು ಅವರೇ ಇಲ್ಲ.